ನಾಯಿಗೆ ಗ್ಯಾಸ್ ಮಾತ್ರೆ ಕೊಡುವ ಮುನ್ನ: ಔಷಧ ಆಡಳಿತಕ್ಕೂ ಮೆಡಿಕಲ್ ಶಾಪ್‌ಗಳಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ರಾಜ್ಯದ ಔಷಧ ಆಡಳಿತದ ಅಧಿಕಾರಿಗಳು,
ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಅಧಿಕಾರಿಗಳು,
ಮೆಡಿಕಲ್ ಶಾಪ್‌ಗಳ ಫಾರ್ಮಾಸಿಸ್ಟರು,
ಹಾಗೂ ಮನೆಯಲ್ಲಿ ನಾಯಿ ಸಾಕಿದ, ಬೀದಿನಾಯಿಗಳಿಗೆ ಅನ್ನ ಹಾಕುವ ಎಲ್ಲರಿಗೂ

ವಿಷಯ: ಮನುಷ್ಯರ ಆಸಿಡಿಟಿ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ನಾಯಿಗಳಿಗೆ ಕೊಡುತ್ತಿರುವುದು

ಮಾನ್ಯರೇ,

"ನಾಯಿ ಬೆಳಿಗ್ಗೆಯಿಂದ ಹಳದಿ ನೊರೆ ಕಾರ್ತಾ ಇದೆ, ಗ್ಯಾಸ್ ಆಗಿರಬೇಕು, ಏನಾದ್ರೂ ಕೊಡಿ." ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಈ ಮಾತು ಕೇಳಿಸದ ವಾರವಿಲ್ಲ. ಉತ್ತರವಾಗಿ ಕೈಗೆ ಬರುವುದು ಒಂದು ಈನೋ ಪ್ಯಾಕೆಟ್, ಒಂದು ಬಾಟಲಿ ಡೈಜೀನ್, ನಾಲ್ಕು ರಾಂಟ್ಯಾಕ್, ಇಲ್ಲವೇ ಒಂದು ಪ್ಯಾನ್-ಡಿ. ಕೇಳಿದವರಿಗೂ ಕೊಟ್ಟವರಿಗೂ ಇವೆಲ್ಲ ಒಂದೇ: 'ಗ್ಯಾಸಿನ ಔಷಧ'. ನಾಯಿಯ ಹೊಟ್ಟೆಗೆ ಹೋದ ಮೇಲೆ ಇವು ನಾಲ್ಕೂ ನಾಲ್ಕು ದಾರಿ ಹಿಡಿಯುತ್ತವೆ. ಒಂದು ತೂಕ ನೋಡಿ ಕೊಟ್ಟರೆ ಉಪಯೋಗಕ್ಕೆ ಬರುತ್ತದೆ. ಒಂದರಿಂದ ಲಾಭವೂ ಇಲ್ಲ, ನಷ್ಟವೂ ಅಷ್ಟಿಲ್ಲ. ಇನ್ನೊಂದು ತಪ್ಪಾದ ಹೊತ್ತಿನಲ್ಲಿ ಸಿಕ್ಕರೆ ನಾಯಿಯನ್ನು ಉಳಿಸಿಕೊಳ್ಳುವ ಗಂಟೆಗಳನ್ನೇ ನುಂಗಿಬಿಡುತ್ತದೆ.

ಮನುಷ್ಯರ ಆಸಿಡಿಟಿ ಔಷಧವನ್ನು ನಾಯಿಗೆ ಕೊಡಲೇಬಾರದು ಎಂದು ನಾವು ಹೇಳುತ್ತಿಲ್ಲ. ಪಶುವೈದ್ಯರೂ ಬಹುತೇಕ ಇದೇ ಔಷಧಗಳನ್ನೇ ಬರೆಯುತ್ತಾರೆ. ಆದರೆ ಯಾವುದು, ಎಷ್ಟು, ಯಾವುದರ ಜೊತೆ ಎಂಬ ಮೂರು ಪ್ರಶ್ನೆಗಳನ್ನು ಕೌಂಟರಿನಲ್ಲಿ ಯಾರೂ ಕೇಳುತ್ತಿಲ್ಲ. ಅವನ್ನು ಕೇಳುವ ವ್ಯವಸ್ಥೆ ಬೇಕು ಎಂಬುದೇ ಈ ಪತ್ರದ ಬೇಡಿಕೆ.

ಮೊದಲು ಈನೋದಂಥ ಉಕ್ಕುವ ಪುಡಿಗಳ ವಿಚಾರ. ನಮಗೆ ಅತಿ ಹೆಚ್ಚು ಭಯ ಇರುವುದು ಇವುಗಳ ಮೇಲೇ. ಪ್ಯಾಕೆಟ್ಟಿನ ಹಿಂದೆ 'ಸ್ವರ್ಜಿಕ್ಷಾರ', 'ನಿಂಬುಕಾಮ್ಲಂ' ಎಂದಿರುತ್ತದೆ. ಮೊದಲನೆಯದು ಅಡುಗೆ ಸೋಡಾ, ಎರಡನೆಯದು ಸಿಟ್ರಿಕ್ ಆಮ್ಲ. 5 ಗ್ರಾಂ ಪ್ಯಾಕೆಟ್ಟಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಅಂದರೆ ಸುಮಾರು 2.3 ಗ್ರಾಂ ಸೋಡಾ. ಅಷ್ಟು ಸೋಡಾ ಆಮ್ಲದೊಂದಿಗೆ ಪೂರ್ತಿ ಬೆರೆತರೆ ದೇಹದ ಬಿಸಿಯಲ್ಲಿ ಸುಮಾರು ಮುಕ್ಕಾಲು ಲೀಟರಿನಷ್ಟು ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಮನುಷ್ಯರು ಅದನ್ನು ಲೋಟದ ನೀರಿಗೆ ಹಾಕಿ ನೊರೆ ಇಳಿದ ಮೇಲೆ ಕುಡಿಯುವುದರಿಂದ ಬಹುಪಾಲು ಗಾಳಿಗೆ ಹೋಗಿರುತ್ತದೆ, ಉಳಿದದ್ದು ತೇಗಿನಲ್ಲಿ ಹೊರಬರುತ್ತದೆ. ನಾಯಿಗಾದರೆ ಪುಡಿಯನ್ನು ಅನ್ನಕ್ಕೆ ಕಲಸುತ್ತಾರೆ, ಇಲ್ಲವೇ ಬಾಯಿಗೇ ಸುರಿಯುತ್ತಾರೆ. ಗ್ಯಾಸ್ ಹುಟ್ಟುವುದು ಒಳಗೆ.

ಸಾಧಾರಣ ದಿನದಲ್ಲಿ ಇದು ಒಂದು ತೇಗಿನಲ್ಲಿ ಮುಗಿಯಬಹುದು. ಆದರೆ 'ಹೊಟ್ಟೆ ಉಬ್ಬಿದೆ, ಗ್ಯಾಸ್' ಎಂದು ಜನ ಅದನ್ನು ಕೊಡುವುದೇ ಜಠರ ತಿರುಚಿಕೊಂಡಿರಬಹುದಾದ ದಿನ. ದೊಡ್ಡ ಮೈಯ, ಆಳವಾದ ಎದೆಗೂಡಿನ ನಾಯಿಗಳಲ್ಲಿ (ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್, ಸೇಂಟ್ ಬರ್ನಾರ್ಡ್, ಎದೆ ಆಳವಾಗಿರುವ ನಮ್ಮ ಮುಧೋಳ ನಾಯಿಯ ವಿಷಯದಲ್ಲೂ ಎಚ್ಚರ ಬೇಕು) ಜಠರ ಗಾಳಿ ತುಂಬಿ ಉಬ್ಬಿ ತನ್ನ ಸುತ್ತ ತಾನೇ ತಿರುಗಿಬಿಡುತ್ತದೆ. ಮೇಲಿನ ಬಾಯಿ, ಕೆಳಗಿನ ಬಾಯಿ ಎರಡೂ ಮುಚ್ಚಿಕೊಳ್ಳುತ್ತವೆ. ತೇಗು ಬರುವುದಿಲ್ಲ, ವಾಂತಿಯೂ ಆಗುವುದಿಲ್ಲ. ಉಬ್ಬಿದ ಜಠರ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳಗಳನ್ನು ಒತ್ತಿ, ಹೃದಯಕ್ಕೆ ಮರಳುವ ರಕ್ತವನ್ನು ತಡೆಯುತ್ತದೆ. ಅಂಥ ಹೊಟ್ಟೆಗೆ ಇನ್ನಷ್ಟು ಗ್ಯಾಸ್ ಸೇರಿಸುವುದು ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಸೋಡಾ ಕೊಟ್ಟು 'ಒಂದು ಗಂಟೆ ನೋಡೋಣ' ಎಂದು ಕೂತಾಗ ಕಳೆಯುವ ಆ ಒಂದು ಗಂಟೆ ಅದಕ್ಕಿಂತಲೂ ಕೆಟ್ಟದ್ದು.

ಗುರುತು ಸುಲಭ. ನಾಯಿ ಮತ್ತೆ ಮತ್ತೆ ಓಕರಿಸುತ್ತದೆ, ಆದರೆ ನೊರೆ ಜೊಲ್ಲು ಬಿಟ್ಟು ಏನೂ ಬರುವುದಿಲ್ಲ. ಕೊನೆಯ ಪಕ್ಕೆಲುಬಿನ ಹಿಂದೆ ಹೊಟ್ಟೆ ಬಿಗಿದು, ಬೆರಳಿನಿಂದ ತಟ್ಟಿದರೆ ಡೋಲಿನ ಸದ್ದು ಬರುತ್ತದೆ. ಕೂತಲ್ಲಿ ಕೂರದೆ, ಮಲಗಿದಲ್ಲಿ ಮಲಗದೆ ಚಡಪಡಿಸುತ್ತದೆ, ಒಸಡು ಬಿಳಚಿಕೊಳ್ಳುತ್ತದೆ. ಇಷ್ಟು ಕಂಡರೆ ಯಾವ ಔಷಧವೂ ಬೇಡ. ನೇರವಾಗಿ ಶಸ್ತ್ರಚಿಕಿತ್ಸೆಯ ಸೌಲಭ್ಯ ಇರುವ ಪಶು ಆಸ್ಪತ್ರೆಗೆ, ಹೊರಡುವ ಮುಂಚೆ ಫೋನ್ ಮಾಡಿ.

ಇದೇ ಪುಡಿಗಳಲ್ಲಿ ಇನ್ನೂ ಎರಡು ತೊಂದರೆಗಳಿವೆ. ಒಂದು ಪ್ಯಾಕೆಟ್ಟಿನ ಸೋಡಾದಲ್ಲೇ 600 ಮಿ.ಗ್ರಾಂ.ಗೂ ಹೆಚ್ಚು ಸೋಡಿಯಂ ಇರುತ್ತದೆ. ಐದಾರು ಕೆ.ಜಿ. ತೂಗುವ ಪೊಮೆರೇನಿಯನ್‌ಗೆ ಇಡೀ ದಿನಕ್ಕೆ ಬೇಕಾದ್ದಕ್ಕಿಂತ ಇದು ಹಲವು ಪಟ್ಟು. ವಯಸ್ಸಾದ ಸಣ್ಣ ತಳಿಗಳಲ್ಲಿ ಹೃದಯದ ಕವಾಟ ಸೋರುವ ಕಾಯಿಲೆ ಸಾಮಾನ್ಯ. ಅಂಥ ನಾಯಿಗೆ ಉಪ್ಪಿನ ಹೊರೆ ಹೊರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಹೆಚ್ಚುತ್ತದೆ. ಎರಡನೆಯದು, ಹಲವು ಸಲ ವಾಂತಿ ಮಾಡಿಕೊಂಡ ನಾಯಿ ಜಠರದ ಆಮ್ಲವನ್ನು ಆಗಲೇ ಕಳೆದುಕೊಂಡಿರುತ್ತದೆ, ರಕ್ತ ಕ್ಷಾರದ ಕಡೆಗೆ ವಾಲಿರುತ್ತದೆ, ಪೊಟ್ಯಾಸಿಯಂ ಇಳಿದಿರುತ್ತದೆ. ಅದಕ್ಕೆ ಸೋಡಾ ಕೊಟ್ಟರೆ ಆ ಏರುಪೇರು ಇನ್ನೂ ಜೋರಾಗುತ್ತದೆ. ವಾಂತಿ ಅಂದರೆ ಆಮ್ಲ ಹೆಚ್ಚಾಗಿದೆ ಎಂದು ತಿಳಿಯುವುದೇ ಮೂಲದ ತಪ್ಪು.

ಡೈಜೀನ್, ಜೆಲ್ಯುಸಿಲ್‌ನಂಥ ದ್ರವಗಳಲ್ಲಿ ಇರುವುದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಸಿಯಂ ಹೈಡ್ರಾಕ್ಸೈಡ್, ಜೊತೆಗೆ ಗುಳ್ಳೆ ಒಡೆಯುವ ಸಿಮೆಥಿಕೋನ್. ಇವು ವಿಷವಲ್ಲ. ಆರೋಗ್ಯವಂತ ನಾಯಿ ಬಾಟಲಿ ಕಡಿದು ಒಂದಿಷ್ಟು ನೆಕ್ಕಿತು ಎಂದರೆ ಗಾಬರಿ ಬೇಡ. ಮೆಗ್ನೀಸಿಯಂನಿಂದ ಒಂದು ದಿನ ಭೇದಿಯಾಗಬಹುದು, ಅಲ್ಯೂಮಿನಿಯಂನಿಂದ ಮಲ ಕಟ್ಟಬಹುದು. ಆದರೆ ಔಷಧವಾಗಿ ಇವುಗಳ ಪ್ರಯೋಜನ ತುಂಬಾ ಕಡಿಮೆ. ಖಾಲಿ ಹೊಟ್ಟೆಯಲ್ಲಿ ಇವುಗಳ ಪರಿಣಾಮ ಬೇಗ ಇಳಿದುಹೋಗುತ್ತದೆ. ನಿಜಕ್ಕೂ ಆಮ್ಲ ತಗ್ಗಿಸಬೇಕಾದರೆ ದಿನಕ್ಕೆ ನಾಲ್ಕಾರು ಸಲ ಕೊಡಬೇಕು. ಓಕರಿಸುತ್ತಿರುವ ನಾಯಿಯ ಬಾಯಿಗೆ ಅಷ್ಟು ಸಲ ಸಿರಿಂಜಿನಿಂದ ಗಟ್ಟಿ ದ್ರವ ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಸಾಧ್ಯತೆ ಹೆಚ್ಚು. ಪಗ್, ಶಿಟ್ಜುವಿನಂಥ ಚಪ್ಪಟೆ ಮೂತಿಯ ನಾಯಿಗಳಲ್ಲಿ ಇದು ನ್ಯುಮೋನಿಯಾಕ್ಕೆ ಹತ್ತಿರದ ದಾರಿ.

ಮೂತ್ರಪಿಂಡ ಸೋತ ನಾಯಿಗೆ ಮಾತ್ರ ಇವು ನಿಜವಾಗಿ ಅಪಾಯಕಾರಿ. ಹೊರಹೋಗಬೇಕಾದ ಮೆಗ್ನೀಸಿಯಂ ರಕ್ತದಲ್ಲೇ ಉಳಿದು ಸ್ನಾಯು ಸಡಿಲವಾಗುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಅಲ್ಯೂಮಿನಿಯಂ ಶೇಖರವಾದರೆ ನರಗಳಿಗೆ ಪೆಟ್ಟು. ಹತ್ತು ವರ್ಷ ದಾಟಿದ ನಾಯಿ ಈಚೆಗೆ ಜಾಸ್ತಿ ನೀರು ಕುಡಿಯುತ್ತಿದೆ, ಜಾಸ್ತಿ ಮೂತ್ರ ಮಾಡುತ್ತಿದೆ, ಸಣ್ಣಗಾಗಿದೆ, ವಾಂತಿಯೂ ಇದೆ ಎಂದರೆ ಮೊದಲು ಬೇಕಾದದ್ದು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಡೈಜೀನ್ ಅಲ್ಲ. ಅದೇ ಮೂತ್ರಪಿಂಡದ ರೋಗಿಗೆ ರಕ್ತದ ರಂಜಕ ಇಳಿಸಲು ಪಶುವೈದ್ಯರು ಮೆಗ್ನೀಸಿಯಂ ಇಲ್ಲದ ಅಲ್ಯೂಮಿನಿಯಂ ಹೈಡ್ರಾಕ್ಸೈಡನ್ನು ಊಟದ ಜೊತೆ ಲೆಕ್ಕಹಾಕಿ ಕೊಡುವುದುಂಟು. ಅಳತೆಯೂ ಉದ್ದೇಶವೂ ಬೇರೆಯಾದರೆ ಒಂದೇ ಪುಡಿ ಹೀಗೆ ಎರಡು ರೂಪ ತಾಳುತ್ತದೆ.

ಸಕ್ಕರೆ ಇಲ್ಲದ ಸಿರಪ್, ಚೀಪುವ ಮಾತ್ರೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸಿಹಿಗಾಗಿ ಸಾರ್ಬಿಟಾಲ್ ಹಾಕಿದ್ದರೆ ಭೇದಿಯಷ್ಟಕ್ಕೆ ನಿಲ್ಲುತ್ತದೆ. ಕ್ಸೈಲಿಟಾಲ್ ಹಾಕಿದ್ದರೆ ಕಥೆ ಬೇರೆ. ನಾಯಿಯ ಮೇದೋಜೀರಕ ಅದನ್ನು ಸಕ್ಕರೆ ಎಂದೇ ತಿಳಿದು ಇನ್ಸುಲಿನ್ ಸುರಿಸುತ್ತದೆ. ತೂಕದ ಪ್ರತಿ ಕೆ.ಜಿ.ಗೆ 0.1 ಗ್ರಾಂ ದಾಟಿದರೆ ರಕ್ತದ ಸಕ್ಕರೆ ಕುಸಿಯಬಹುದು, 0.5 ಗ್ರಾಂ ದಾಟಿದರೆ ಯಕೃತ್ತು ಕೆಡಬಹುದು. ಅರ್ಧ ಗಂಟೆಯಲ್ಲೇ ನಾಯಿ ತೂರಾಡಬಹುದು, ಫಿಟ್ಸ್ ಬರಬಹುದು. ಆಹಾರದ ಪೊಟ್ಟಣಗಳ ಮೇಲೆ ಸಾರ್ಬಿಟಾಲನ್ನು 420, ಕ್ಸೈಲಿಟಾಲನ್ನು 967 ಎಂಬ ಸಂಖ್ಯೆಯಿಂದ ಗುರುತಿಸಬಹುದು. ಔಷಧದ ಬಾಟಲಿಯ ಮೇಲೆ ಬಹಳ ಸಲ 'ಫ್ಲೇವರ್ಡ್ ಶುಗರ್-ಫ್ರೀ ಬೇಸ್' ಎಂದಷ್ಟೇ ಇರುತ್ತದೆ. ಆ ಬೇಸ್ ಏನೆಂದು ಕೊಳ್ಳುವವರಿಗೆ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ನಾಯಿ ಇರುವ ಮನೆಗೆ 'ಶುಗರ್-ಫ್ರೀ' ಎಂದು ಬರೆದದ್ದನ್ನು ನಾಯಿಯ ಹೆಸರಿನಲ್ಲಿ ಕೊಂಡೊಯ್ಯಬೇಡಿ.

ಮ್ಯೂಕೇನ್‌ನಂಥ ಜೆಲ್‌ಗಳಲ್ಲಿ ಇರುವ ಆಕ್ಸಿಟಕೇನ್ ಒಳಗೋಡೆಯನ್ನು ಮರಗಟ್ಟಿಸುವ ಔಷಧ. ಹುಣ್ಣಿನ ಮೇಲೆ ಪದರ ಕಟ್ಟುವ ಸುಕ್ರಾಲ್ಫೇಟಿನ ಕೆಲವು ಸಿರಪ್‌ಗಳಲ್ಲೂ ಇದನ್ನು ಬೆರೆಸಿರುತ್ತಾರೆ. ವಾಂತಿ ಮಾಡುವ ನಾಯಿಯ ಗಂಟಲು ಮರಗಟ್ಟುವುದು ಒಳ್ಳೆಯದಲ್ಲ. ಪಶುವೈದ್ಯರು ಸುಕ್ರಾಲ್ಫೇಟ್ ಬರೆದಿದ್ದರೆ ಬರೀ ಸುಕ್ರಾಲ್ಫೇಟೇ ಆಗಿರಲಿ.

ಈಗ ಮಾತ್ರೆಗಳಿಗೆ ಬರೋಣ. ರಾನಿಟಿಡಿನ್ (ರಾಂಟ್ಯಾಕ್, ಅಸಿಲಾಕ್, ಝಿನೆಟ್ಯಾಕ್) ನಮ್ಮ ಊರುಗಳಲ್ಲಿ ನಾಯಿಗೆ ಕೊಡುವ ಔಷಧಗಳಲ್ಲಿ ಬಹುಶಃ ಅತಿ ಹಳೆಯದು. ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಕಲ್ಮಶದ ಕಾರಣಕ್ಕೆ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಕೇಳಿದರು. 2022ರಲ್ಲಿ ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದಲೂ ಅದನ್ನು ಕೈಬಿಡಲಾಯಿತು. ನಾಯಿಯ ಮಟ್ಟಿಗೆ ಇನ್ನೂ ನೇರವಾದ ಕಾರಣವಿದೆ. ವಾಡಿಕೆಯ ಪ್ರಮಾಣದಲ್ಲಿ ಅದು ನಾಯಿಯ ಜಠರದ ಆಮ್ಲವನ್ನು ಗಣನೀಯವಾಗಿ ತಗ್ಗಿಸುವುದೇ ಇಲ್ಲ. ಅದೇ ಗುಂಪಿನ ಫ್ಯಾಮೊಟಿಡಿನ್ ವಾಸಿ. ಕೆ.ಜಿ.ಗೆ 0.5ರಿಂದ 1 ಮಿ.ಗ್ರಾಂ., ದಿನಕ್ಕೆ ಒಂದು ಅಥವಾ ಎರಡು ಸಲ ಎಂಬುದು ಪಶುವೈದ್ಯರ ಲೆಕ್ಕ. 20 ಮಿ.ಗ್ರಾಂ. ಮಾತ್ರೆಯನ್ನು ಅರ್ಧ ಮಾಡಬಹುದು, ಹಾಗಾಗಿ 10 ಕೆ.ಜಿ. ನಾಯಿಗೆ ಅರ್ಧ. ಒಂದೆರಡು ದಿನಕ್ಕೆ ಇದು ಸರಿ. ದಿನಾ ಕೊಡುತ್ತಾ ಹೋದರೆ ಕೆಲವೇ ದಿನಗಳಲ್ಲಿ ದೇಹ ಒಗ್ಗಿಕೊಂಡು ಪರಿಣಾಮ ಕುಗ್ಗುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ನಾಯಿಯಲ್ಲಿ ನಿಜವಾಗಿ ಕೆಲಸ ಮಾಡುವ ಔಷಧಗಳು. ಜಠರದ ಹುಣ್ಣಿಗೆ, ಅನ್ನನಾಳದ ಉರಿಗೆ ಒಮೆಪ್ರಜೋಲ್ ಕೆ.ಜಿ.ಗೆ ಸುಮಾರು 1 ಮಿ.ಗ್ರಾಂ., ದಿನಕ್ಕೆ ಎರಡು ಸಲ. ಆಮ್ಲ ಸ್ರವಿಸುವ ಪಂಪು ಊಟಕ್ಕೆ ಚುರುಕಾಗುವ ಮುಂಚೆ ಔಷಧ ರಕ್ತದಲ್ಲಿರಬೇಕು, ಆದ್ದರಿಂದ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ. ಅನ್ನದ ಉಂಡೆಯಲ್ಲಿ ಅಡಗಿಸಿ ಊಟದ ಜೊತೆಗೇ ಕೊಟ್ಟರೆ ಅದರ ಬಲ ಕುಗ್ಗುತ್ತದೆ. ಪೂರ್ತಿ ಪರಿಣಾಮಕ್ಕೆ ಎರಡರಿಂದ ನಾಲ್ಕು ದಿನ ಬೇಕು. 'ನಿನ್ನೆ ಕೊಟ್ಟೆ, ವಾಂತಿ ನಿಂತಿಲ್ಲ' ಎಂದು ಪ್ರಮಾಣ ಹೆಚ್ಚಿಸುವುದು ಬೇಡ. ಮೂರು ನಾಲ್ಕು ವಾರ ಮೀರಿ ಕೊಟ್ಟಿದ್ದರೆ ಥಟ್ಟನೆ ನಿಲ್ಲಿಸಬಾರದು, ಆಮ್ಲ ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ. ಫ್ಯಾಮೊಟಿಡಿನ್ ಮತ್ತು ಒಮೆಪ್ರಜೋಲ್ ಎರಡನ್ನೂ ಸೇರಿಸಿ ಕೊಡುವುದರಿಂದ ಲಾಭವಿಲ್ಲ.

ಮನೆಯಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇಲ್ಲಿದೆ: ಪ್ಯಾನ್ 40 (40 ಮಿ.ಗ್ರಾಂ. ಪ್ಯಾಂಟೊಪ್ರಜೋಲ್) ಮಾತ್ರೆಯನ್ನು ಚಾಕುವಿನಿಂದ ನಾಲ್ಕು ತುಂಡು ಮಾಡಿ ಸಣ್ಣ ನಾಯಿಗೆ ಒಂದು ತುಂಡು ಕೊಡುವುದು. ಆ ಮಾತ್ರೆಯ ಮೇಲಿನ ಲೇಪ ಇರುವುದೇ ಜಠರದ ಆಮ್ಲದಿಂದ ಔಷಧವನ್ನು ಕಾಪಾಡಿ ಕರುಳಿಗೆ ಮುಟ್ಟಿಸಲು. ತುಂಡಾದರೆ ಔಷಧ ಜಠರದಲ್ಲೇ ನಾಶವಾಗುತ್ತದೆ. ಅದಕ್ಕಿಂತ 10 ಮಿ.ಗ್ರಾಂ. ಒಮೆಪ್ರಜೋಲ್ ಕ್ಯಾಪ್ಸೂಲ್ ಸರಿಯಾದ ದಾರಿ. ಒಳಗಿನ ಪ್ರತಿ ಕಾಳಿಗೂ ಅದರದೇ ಲೇಪ ಇರುತ್ತದೆ, ಕಾಳುಗಳನ್ನು ಅರೆಯಬಾರದು ಅಷ್ಟೆ. ಇನ್ನೂ ಚಿಕ್ಕ ನಾಯಿಗೆ ಎಷ್ಟೆಂಬುದನ್ನು ಪಶುವೈದ್ಯರೇ ಹೇಳಲಿ.

ಹೆಸರಿನ ಕೊನೆಗೆ 'ಡಿ' ಎಂಬ ಒಂದಕ್ಷರ ಬಂದರೆ ಔಷಧವೇ ಬೇರೆ. ಪ್ಯಾನ್-ಡಿ ಕ್ಯಾಪ್ಸೂಲಿನಲ್ಲಿ 40 ಮಿ.ಗ್ರಾಂ. ಪ್ಯಾಂಟೊಪ್ರಜೋಲ್ ಜೊತೆಗೆ ನಿಧಾನವಾಗಿ ಬಿಡುಗಡೆಯಾಗುವ 30 ಮಿ.ಗ್ರಾಂ. ಡೊಂಪೆರಿಡೋನ್ ಎಂಬ ವಾಂತಿ ತಡೆಯುವ ಔಷಧ ಇರುತ್ತದೆ. ಪಶುವೈದ್ಯರು ನಾಯಿಗೆ ಡೊಂಪೆರಿಡೋನ್ ಬರೆದರೆ ಒಂದು ಸಲಕ್ಕೆ ಸಾಮಾನ್ಯವಾಗಿ 2ರಿಂದ 5 ಮಿ.ಗ್ರಾಂ. ಐದು ಕೆ.ಜಿ. ನಾಯಿಗೆ ಒಂದು ಪ್ಯಾನ್-ಡಿ ಎಂದರೆ ಆರು ಪಟ್ಟು ದಾಟಬಹುದು. ಕೋಲಿ ತಳಿಯ ಕೆಲವು ನಾಯಿಗಳಲ್ಲಿ ಎಂಡಿಆರ್1 ಜೀನಿನ ದೋಷದಿಂದ ಈ ಔಷಧ ಮಿದುಳಿಗೆ ಸುಲಭವಾಗಿ ನುಗ್ಗುತ್ತದೆ. ಇವೆರಡಕ್ಕಿಂತ ದೊಡ್ಡ ಅಪಾಯವೆಂದರೆ ಡೊಂಪೆರಿಡೋನ್ ಜಠರವನ್ನು ಮುಂದಕ್ಕೆ ಹಿಂಡುತ್ತದೆ. ಮಾವಿನ ಓಟೆ, ಜೋಳದ ದಿಂಡು, ಕಾಲುಚೀಲ, ಮೂಳೆಯ ಚೂರು ಕರುಳಿಗೆ ಅಡ್ಡ ಕೂತಿದ್ದರೆ ಮುಚ್ಚಿದ ಬಾಗಿಲಿಗೆ ಒತ್ತಿದಂತೆ. ಏಪ್ರಿಲ್‌ನಿಂದ ಜೂನ್‌ವರೆಗೆ, ಮಾವಿನ ಕಾಲದಲ್ಲಿ, ವಾಂತಿ ಎಂದು ಬರುವ ನಾಯಿಯ ಬಗ್ಗೆ 'ಓಟೆ ನುಂಗಿದೆಯಾ' ಎಂದು ಕೇಳುವುದು ಒಂದು ಒಳ್ಳೆಯ ಅಭ್ಯಾಸ.

ಆಸಿಡಿಟಿಯ ಪಕ್ಕದಲ್ಲೇ 'ಹೊಟ್ಟೆನೋವಿನ ಮಾತ್ರೆ' ಇರುತ್ತದೆ. ಗ್ಯಾಸ್ ಮಾತ್ರೆ ಕೇಳಿದವರಿಗೆ ಕೆಲವೊಮ್ಮೆ ಅದೂ ಸೇರಿ ಬರುತ್ತದೆ. ಕರುಳಿನ ಸೆಳೆತ ತಗ್ಗಿಸುವ ಡೈಸೈಕ್ಲೋಮಿನ್ ಜೊತೆ 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಇರುವ ಮಾತ್ರೆಯನ್ನು 5 ಕೆ.ಜಿ. ನಾಯಿಗೆ ಕೊಟ್ಟರೆ ಕೆ.ಜಿ.ಗೆ 100 ಮಿ.ಗ್ರಾಂ. ಪ್ಯಾರಾಸಿಟಮಾಲ್ ಆಯಿತು. ಅದು ಯಕೃತ್ತನ್ನು ಕೆಡಿಸುವ ಮಟ್ಟ. ಮನೆಯಲ್ಲಿ ಬೆಕ್ಕಿದ್ದು ಅದಕ್ಕೆ ಕೊಟ್ಟರೆ ಒಂದೇ ಮಾತ್ರೆ ಪ್ರಾಣ ತೆಗೆಯಲು ಸಾಕು. ಮೆಫೆನಮಿಕ್ ಆಮ್ಲ, ಐಬುಪ್ರೊಫೆನ್, ಡೈಕ್ಲೋಫೆನಾಕ್ ಎಂಬ ನೋವುನಿವಾರಕಗಳು ಇರುವವು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ರಕ್ತ ಸೋರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಡಾಂಬರಿನಂಥ ಕಪ್ಪು ಮಲ ಕಂಡರೆ ಅದು ಜೀರ್ಣವಾದ ರಕ್ತ ಇರಬಹುದು.

ಉಣ್ಣೆ ಜ್ವರದ ಮಾತು ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಇಲ್ಲಿ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಉಣ್ಣೆಯಿಂದ ಹರಡುವ ಎರ್ಲಿಕಿಯಾ ಸೋಂಕಿಗೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ದಿನಕ್ಕೆ ಕೆ.ಜಿ.ಗೆ 10 ಮಿ.ಗ್ರಾಂ.ನಂತೆ, ಒಟ್ಟಿಗೆ ಇಲ್ಲವೇ ಎರಡು ಭಾಗ ಮಾಡಿ, 28 ದಿನ. ಆ ಔಷಧ ಹೊಟ್ಟೆ ಕೆಡಿಸುತ್ತದೆ, ನಾಯಿ ಊಟ ಬಿಡುತ್ತದೆ. ಮನೆಯವರು ಮರುಕದಿಂದಲೇ ಜೊತೆಗೆ ಎರಡು ಚಮಚ ಡೈಜೀನ್ ಹಾಕುತ್ತಾರೆ. ಅಲ್ಯೂಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಮೂರೂ ಡಾಕ್ಸಿಸೈಕ್ಲಿನನ್ನು ಕರುಳಿನಲ್ಲೇ ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ಮಾಡುತ್ತವೆ. ಎನ್ರೊಫ್ಲಾಕ್ಸಾಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್‌ಗೂ ಇದೇ ಗತಿ. ಸುಕ್ರಾಲ್ಫೇಟ್ ಕೂಡ ಹೀಗೆಯೇ ಅಡ್ಡಬರುತ್ತದೆ. 28 ದಿನ ತಪ್ಪದೆ ಮಾತ್ರೆ ಕೊಟ್ಟರೂ ಪ್ಲೇಟ್‌ಲೆಟ್ ಏರುವುದಿಲ್ಲ. ಔಷಧ ಸರಿಯಿಲ್ಲ, ಡಾಕ್ಟರು ಸರಿಯಿಲ್ಲ ಎಂದು ಊರು ಸುತ್ತುವುದಾಗುತ್ತದೆ. ಕೊಡಲೇಬೇಕಿದ್ದರೆ ಡಾಕ್ಸಿಸೈಕ್ಲಿನ್ ಮೊದಲು, ಕನಿಷ್ಠ ಎರಡು ಗಂಟೆ ಕಳೆದ ಮೇಲೆ ಡೈಜೀನ್‌ನಂಥ ಆಂಟಾಸಿಡ್. ಅದಕ್ಕಿಂತ ಒಳ್ಳೆಯದು, ಡಾಕ್ಸಿಸೈಕ್ಲಿನನ್ನು ಒಂದಿಷ್ಟು ಊಟದ ಜೊತೆ ಕೊಟ್ಟು (ಹಾಲು, ಮೊಸರು ಬೇಡ, ಅಲ್ಲೂ ಕ್ಯಾಲ್ಸಿಯಂ ಇದೆ) ಹಿಂದೆಯೇ ನಾಲ್ಕೈದು ಮಿ.ಲೀ. ನೀರು ಕುಡಿಸುವುದು. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಟ್ಟ ಗಾಯ ಮಾಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಹಳದಿ ನೊರೆಗೆ ಏನು ಮಾಡಬೇಕು? ಬೆಳಗಿನ ಜಾವ ಒಂದೇ ಸಲ ಹಳದಿ ನೊರೆ ಕಾರಿ, ಆಮೇಲೆ ಎಂದಿನಂತೆ ಓಡಾಡಿ ತಿಂಡಿ ತಿನ್ನುವ ನಾಯಿಗೆ ಹೆಚ್ಚಾಗಿ ಬೇಕಾಗಿರುವುದು ಔಷಧವಲ್ಲ. ಸಂಜೆ ಆರಕ್ಕೆ ಊಟ ಮುಗಿಸಿದ ನಾಯಿಯ ಹೊಟ್ಟೆ ಬೆಳಗಿನ ಹೊತ್ತಿಗೆ ಹನ್ನೆರಡು ಗಂಟೆ ಖಾಲಿ. ಕರುಳಿನ ಪಿತ್ತ ಹಿಂದಕ್ಕೆ ಜಠರಕ್ಕೆ ಬಂದು ಕೆರಳಿಸುತ್ತದೆ. ದಿನದ ಊಟದಲ್ಲಿ ಕಾಲು ಭಾಗ ತೆಗೆದಿಟ್ಟು ರಾತ್ರಿ ಹತ್ತು, ಹತ್ತೂವರೆಗೆ ಕೊಡಿ. ಒಂದು ವಾರ ನೋಡಿ. ಬಹಳಷ್ಟು ನಾಯಿಗಳಿಗೆ ಇಷ್ಟೇ ಸಾಕಾಗುತ್ತದೆ.

ಏನೋ ತಿಂದು ಒಂದೆರಡು ಸಲ ವಾಂತಿ ಮಾಡಿಕೊಂಡ, ಲವಲವಿಕೆಯಿಂದಿರುವ ದೊಡ್ಡ ನಾಯಿಗೆ ಆರರಿಂದ ಹನ್ನೆರಡು ಗಂಟೆ ಊಟ ನಿಲ್ಲಿಸಬಹುದು. ಮರಿಗಳಿಗೆ, ಅಂಗೈ ಗಾತ್ರದ ತಳಿಗಳಿಗೆ ಉಪವಾಸ ಬೇಡ, ಅವುಗಳ ಸಕ್ಕರೆ ಇಳಿಯುತ್ತದೆ. ನೀರನ್ನು ಬಟ್ಟಲು ತುಂಬ ಇಡದೆ ಅರ್ಧ ಗಂಟೆಗೊಮ್ಮೆ ಎರಡು ಮೂರು ಚಮಚದಂತೆ ಕೊಡಿ. ನಿಂತಿತು ಎಂದಾದರೆ ಮೆತ್ತಗೆ ಬೆಂದ ಅನ್ನ, ಚರ್ಮ ತೆಗೆದು ಬೇಯಿಸಿದ ಕೋಳಿ. ಉಪ್ಪು, ಎಣ್ಣೆ, ಒಗ್ಗರಣೆ ಇಲ್ಲದೆ, ಎಂದಿನ ಅಳತೆಯ ಕಾಲು ಭಾಗ, ದಿನಕ್ಕೆ ನಾಲ್ಕೈದು ಸಲ. ಬೆಳ್ಳುಳ್ಳಿ ಕಷಾಯ ಖಂಡಿತ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ವಾಂತಿ ಮೂರು ನಾಲ್ಕು ಸಲ ದಾಟಿದರೆ, ರಕ್ತ ಕಂಡರೆ, ನೀರೂ ಉಳಿಯದಿದ್ದರೆ, ಜ್ವರ ಇದ್ದರೆ, ಒಸಡು ಬಿಳಿ ಅಥವಾ ಹಳದಿ ಆಗಿದ್ದರೆ, ಮುಟ್ಟಿದಾಗ ಹೊಟ್ಟೆ ಸೆಟೆದರೆ, ಲಸಿಕೆ ಆಗದ ಮರಿಯಾಗಿದ್ದರೆ ಮನೆಮದ್ದಿನ ಮಾತೇ ಇಲ್ಲ. ಪಾರ್ವೊ ವೈರಸ್ ಸೋಂಕು, ಇಲಿಜ್ವರ, ಮೇದೋಜೀರಕದ ಉರಿಯೂತ, ಮೂತ್ರಪಿಂಡದ ಸೋಲು, ಕರುಳಿನ ಅಡ್ಡಿ ಇವೆಲ್ಲ ಆರಂಭದಲ್ಲಿ 'ಗ್ಯಾಸ್' ಥರವೇ ಕಾಣುತ್ತವೆ. ಅಮೆರಿಕದ ಪಶು ಆಂತರಿಕ ವೈದ್ಯರ ಸಂಸ್ಥೆ ಎಸಿವಿಐಎಂ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಹುಣ್ಣಿನ ಸುಳಿವಿಲ್ಲದ ಜಠರದ ಉರಿಗೆ, ಮೇದೋಜೀರಕದ ಉರಿಯೂತಕ್ಕೆ, ಮೂತ್ರಪಿಂಡದ ಕಾಯಿಲೆಗೆ ಆಮ್ಲ ತಗ್ಗಿಸುವ ಔಷಧವನ್ನು ರೂಢಿಯಾಗಿ ಕೊಡುವುದಕ್ಕೆ ಆಧಾರವಿಲ್ಲ ಎನ್ನುತ್ತದೆ.

ಇಲಿ ಪಾಷಾಣ ತಿಂದಿರುವ ಶಂಕೆ ಇದ್ದರೆ ಹೊಟ್ಟೆಗೆ ಅನ್ನ, ಹಾಲು ಹಾಕಬೇಡಿ. ಹಲವು ಇಲಿ ಪಾಷಾಣಗಳಲ್ಲಿರುವ ಜಿಂಕ್ ಫಾಸ್ಫೈಡ್ ಜಠರದ ಆಮ್ಲಕ್ಕೆ ಸೇರಿದಾಗ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ, ಊಟ ಆಮ್ಲವನ್ನು ಇನ್ನಷ್ಟು ಸುರಿಸುತ್ತದೆ. ಇಂಥಲ್ಲಿ ಆಂಟಾಸಿಡನ್ನು ಪಶುವೈದ್ಯರೇ ಬಳಸುವುದುಂಟು, ಆದರೆ ಅದು ಚಿಕಿತ್ಸೆಯ ಒಂದು ಹೆಜ್ಜೆ ಮಾತ್ರ. ನಾಯಿಯ ವಾಂತಿಯಿಂದ ಬರುವ ಆ ಅನಿಲ ಜನರಿಗೂ ಅಪಾಯ. ಆಸ್ಪತ್ರೆಗೆ ಒಯ್ಯುವಾಗ ಕಾರಿನ ಕಿಟಕಿ ತೆರೆದಿಡಿ.

ನಾಯಿ ಇಡೀ ಸ್ಟ್ರಿಪ್ ಕಡಿದು ನುಂಗಿದ್ದರೆ ಎಷ್ಟು ಹೊತ್ತಾಯಿತು, ಎಷ್ಟು ಮಾತ್ರೆ ಉಳಿದಿವೆ, ನಾಯಿಯ ತೂಕ ಎಷ್ಟು ಎಂಬುದನ್ನು ಬರೆದುಕೊಂಡು ಸ್ಟ್ರಿಪ್ ಸಮೇತ ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಆ ಉಪ್ಪೇ ಮಿದುಳಿಗೆ ಮಾರಕವಾಗಬಲ್ಲದು. 20 ಕೆ.ಜಿ. ನಾಯಿ ಒಂದು ಪ್ಯಾನ್ 40 ನುಂಗಿದ್ದರೆ ದೊಡ್ಡ ಅನಾಹುತ ಆಗುವುದು ಅಪರೂಪ ಎಂಬ ಧೈರ್ಯವೂ ಇರಲಿ.

ಔಷಧ ಆಡಳಿತದವರಲ್ಲಿ ನಮ್ಮ ವಿನಂತಿ ಹೊಸ ಕಾನೂನಿಗಾಗಿ ಅಲ್ಲ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ಡೊಂಪೆರಿಡೋನ್ ಈಗಲೇ ಷೆಡ್ಯೂಲ್ ಎಚ್‌ನಲ್ಲಿವೆ, ಚೀಟಿಯಿಲ್ಲದೆ ಮಾರುವಂತಿಲ್ಲ. ಔಷಧ ನಿಯಮಾವಳಿಯ 65(10)ನೇ ನಿಯಮದ ಪ್ರಕಾರ ಪಶು ಚಿಕಿತ್ಸೆಯ ಚೀಟಿಯಲ್ಲಿ ಪ್ರಾಣಿಯ ಮಾಲೀಕರ ಹೆಸರು, ವಿಳಾಸ ಇರಬೇಕು. ಅಂದರೆ ಪಶುವೈದ್ಯರ ಚೀಟಿಗೆ ನಿಯಮದಲ್ಲೇ ಜಾಗವಿದೆ. ನಾಯಿಗೆಂದು ಕೇಳಿದಾಗ ಆ ಚೀಟಿ ಕೇಳುವಂತೆ, ಚೀಟಿ ತಂದವರನ್ನು 'ಇದು ಪ್ರಾಣಿ ಡಾಕ್ಟರದ್ದು' ಎಂದು ವಾಪಸ್ ಕಳಿಸದಂತೆ ಅಂಗಡಿಗಳಿಗೆ ಒಂದು ಸುತ್ತೋಲೆ ಹೊರಡಿಸಿ. ತಪಾಸಣೆಗೆ ಹೋಗುವ ಇನ್‌ಸ್ಪೆಕ್ಟರರು ಅದನ್ನೂ ನೋಡಲಿ.

ಪ್ರಾಣಿಗಳ ಔಷಧದ ಮೇಲೆ 'ಮನುಷ್ಯರ ಬಳಕೆಗೆ ಅಲ್ಲ' ಎಂಬ ಬರಹ ಮತ್ತು ಸಾಕುಪ್ರಾಣಿಯ ತಲೆಯ ಚಿತ್ರ ಇರಲೇಬೇಕೆಂದು 97ನೇ ನಿಯಮ ಹೇಳುತ್ತದೆ. ಮನುಷ್ಯರು ತಪ್ಪಿ ಪ್ರಾಣಿಯ ಔಷಧ ನುಂಗದಿರಲಿ ಎಂಬ ಕಾಳಜಿ ಅದು. ಅದರ ಮತ್ತೊಂದು ಬದಿ ಖಾಲಿಯಾಗಿದೆ. ಕ್ಸೈಲಿಟಾಲ್ ಇರುವ ಸಿರಪ್, ಪ್ಯಾರಾಸಿಟಮಾಲ್ ಅಥವಾ ನೋವುನಿವಾರಕ ಬೆರೆಸಿದ ಹೊಟ್ಟೆನೋವಿನ ಮಾತ್ರೆ, ಇವುಗಳ ಮೇಲೆ 'ನಾಯಿ, ಬೆಕ್ಕುಗಳಿಗೆ ಕೊಡಬೇಡಿ' ಎಂಬ ಒಂದು ಸಾಲು ಬರಬೇಕು. ಸಿಹಿಕಾರಕದ ಹೆಸರು ಲೇಬಲ್ಲಿನಲ್ಲಿ ಇರಲೇಬೇಕು. ಲೇಬಲ್ಲಿನ ನಿಯಮ ಕೇಂದ್ರದ ಕೈಲಿದೆ ಎಂಬುದು ನಮಗೆ ಗೊತ್ತು. ಶಿಫಾರಸು ಮಾಡಿ ಪತ್ರ ಬರೆಯುವುದು ರಾಜ್ಯದ ಕೈಲಿದೆ.

ಪಶುಪಾಲನಾ ಇಲಾಖೆಯವರೇ, ಜಾನುವಾರುಗಳ ತುರ್ತು ಚಿಕಿತ್ಸೆಗೆಂದು 1962 ಸಹಾಯವಾಣಿ ಇದೆ. ಅಲ್ಲಿ ಕೂತವರಿಗೆ ನಾಯಿಯ ವಾಂತಿಯ ಬಗ್ಗೆ ಕೇಳಬೇಕಾದ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಡಿ. ಖಾಲಿ ಓಕರಿಕೆ ಮತ್ತು ಉಬ್ಬಿದ ಹೊಟ್ಟೆ ಎಂದು ಕೇಳಿದ ಕೂಡಲೇ ಹತ್ತಿರದ ಶಸ್ತ್ರಚಿಕಿತ್ಸಾ ಸೌಲಭ್ಯದ ವಿಳಾಸ ಹೇಳುವಂತಿರಲಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳ ಸಮಯ, ದೂರವಾಣಿ ಸಂಖ್ಯೆಗಳು ಪ್ರತಿ ತಾಲ್ಲೂಕಿನ ಪಶು ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿ ಇರಲಿ.

ಕೌಂಟರಿನ ಹಿಂದೆ ನಿಂತ ಫಾರ್ಮಾಸಿಸ್ಟರೇ, ನಿಮ್ಮಿಂದ ನಾವು ಕೇಳುವುದು ಒಂದು ನಿಮಿಷ. ನಾಯಿಗೆಂದು ಹೇಳಿದರೆ ಇಷ್ಟನ್ನು ಕೇಳಿ: ತೂಕ ಎಷ್ಟು, ವಯಸ್ಸೆಷ್ಟು? ವಾಂತಿಯಲ್ಲಿ ಏನಾದರೂ ಬರುತ್ತಿದೆಯೇ, ಬರೀ ಓಕರಿಕೆಯೇ? ಹೊಟ್ಟೆ ಬಿಗಿದಿದೆಯೇ? ಉಣ್ಣೆ ಜ್ವರಕ್ಕೋ ನೋವಿಗೋ ಬೇರೆ ಮಾತ್ರೆ ನಡೆಯುತ್ತಿದೆಯೇ? ನೀರು ಜಾಸ್ತಿ ಕುಡಿಯುತ್ತಿದೆಯೇ? ಓಕರಿಕೆ, ಬಿಗಿದ ಹೊಟ್ಟೆ ಎಂಬ ಉತ್ತರ ಬಂದರೆ ಮಾರಾಟ ಮಾಡಬೇಡಿ, ಆಸ್ಪತ್ರೆಗೆ ಓಡಿಸಿ. ಡಾಕ್ಸಿಸೈಕ್ಲಿನ್ ನಡೆಯುತ್ತಿದೆ ಎಂದರೆ ಎರಡು ಗಂಟೆಯ ಅಂತರವನ್ನು ಸ್ಟ್ರಿಪ್ಪಿನ ಕವರಿನ ಮೇಲೆಯೇ ಪೆನ್ನಿನಲ್ಲಿ ಬರೆದುಕೊಡಿ.

ಇತಿ,
ಸಾಕುಪ್ರಾಣಿಗಳ ಚಿಕಿತ್ಸೆ ಮತ್ತು ಔಷಧ ವಿತರಣೆಯ ಕೆಲಸದಲ್ಲಿರುವವರು